ಚಿಕ್ಕಮ್ಮನ ಹೆಸರಿನಲ್ಲಿ ನಾನು ಬರೆದ ಅಲರ್ಜಿ

ವಿಚಿತ್ರ ಅನುಭವವೊಂದನ್ನು ಹೇಳಿಕೊಂಡ ಹೆಂಗಸೊಬ್ಬರನ್ನು ತುಂಬಿದ ಪಂಕ್ತಿಯಲ್ಲಿ ನಾನು ಅಳುವಂತೆ ಮಾಡಿದ್ದೇನೆ. ಅಡಿಲೇಡಿನಲ್ಲಿ ಯುಗಾದಿಯ ಊಟ. ತೀರಿಹೋದ ಅತ್ತೆ ಅಡುಗೆಮನೆಯಲ್ಲಿ ಕೆಮ್ಮಿದ್ದು ಕೇಳಿಸಿತೆಂದು ಅವರು ಹೇಳುತ್ತಿದ್ದರು. ಎಷ್ಟು ಹೊತ್ತಿಗೆ, ಕಿಟಕಿ ತೆರೆದಿತ್ತೇ, ಪಕ್ಕದ ಮನೆಯಲ್ಲಿ ಯಾರಿದ್ದರು, ಎದ್ದು ಹೋಗಿ ನೋಡಿದಿರೇ ಎಂದು ನಾನು ಒಂದರ ಮೇಲೊಂದು ಪ್ರಶ್ನೆ ಹಾಕಿದೆ. ಆಕೆ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದುಹೋದರು. ನನಗೆ ಆಗ ಪಶ್ಚಾತ್ತಾಪವಾಗಲಿಲ್ಲ. ಬ್ರಿಸ್ಬೇನಿನ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಆಗಷ್ಟೇ ಹೊರಬಂದಿದ್ದೆ. ಕಾರಣವಿಲ್ಲದ ಘಟನೆಯಿಲ್ಲ, ಹೊಣೆಗಾರರಿಲ್ಲದ ತಪ್ಪಿಲ್ಲ ಎಂಬುದು ನನ್ನ ಮತವಾಗಿತ್ತು. ಉತ್ತರ ಸಿಗಲಿಲ್ಲವೆಂದರೆ ಯಾರೋ ಅದನ್ನು ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ ಮಾಡುತ್ತಿದ್ದೆ.

ಓದುಗರೇ, ಆ ಮತವನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಮೂರು ವರ್ಷಗಳ ಹಿಂದೆ ಒಸಾಕಾದ ಹಳೆಯ ಮಾರುಕಟ್ಟೆಯೊಂದರಲ್ಲಿ, ಹಾಡುಹಗಲಿನಲ್ಲಿ, ನಾಲ್ಕು ಜನರ ಕಣ್ಣೆದುರು ನಡೆದದ್ದಕ್ಕೆ ಆ ಮತ ಸಾಲುತ್ತಿಲ್ಲ. ಹೇಗೆ ನಡೆಯಿತೋ ಹಾಗೆ ಬರೆಯುತ್ತೇನೆ. ನನ್ನ ತಪ್ಪನ್ನೂ ಬಿಡದೆ ಬರೆಯುತ್ತೇನೆ.

ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ನಾನು ನಳಿನಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಅವರು ನನ್ನ ತಾಯಿಯ ತಂಗಿ, ವೃತ್ತಿಯಿಂದ ವೈದ್ಯೆ. ಮೈಸೂರಿನಲ್ಲಿ ಅವರೊಂದಿಗೆ ಪಿಯುಸಿ ಓದಿದ ಇಬ್ಬರು ಗೆಳೆಯರು ಆಸ್ಟ್ರೇಲಿಯಾದಲ್ಲೇ ಇದ್ದಾರೆ: ಪರ್ತ್‌ನ ಸದರ್ನ್ ರಿವರ್‌ನಲ್ಲಿರುವ ಇಂಜಿನಿಯರ್ ರಘು ಅಂಕಲ್, ಅಡಿಲೇಡಿನ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯ ವೈದ್ಯೆಯಾಗಿರುವ ವಸುಧಾ ಆಂಟಿ. ಮೂವರೂ ವರ್ಷಕ್ಕೊಮ್ಮೆ ಎಲ್ಲಾದರೂ ಒಟ್ಟಿಗೆ ಹೋಗುವುದು ರೂಢಿ. ಆ ವರ್ಷ ಜಪಾನ್, ಜೊತೆಗೆ ನಾನೂ. ಮಾರುಕಟ್ಟೆಯ ಅಂಗಡಿಯಿಂದ ಅಂಗಡಿಗೆ ಮಾರ್ಗದರ್ಶಕರೊಬ್ಬರು ಕರೆದೊಯ್ದು ತಿನಿಸುಗಳ ರುಚಿ ತೋರಿಸುವ ಪ್ರವಾಸವೊಂದನ್ನು ಕಾಯ್ದಿರಿಸುವ ಕೆಲಸ ನನ್ನ ಪಾಲಿಗೆ ಬಂತು, ಅದರ ಫಾರ್ಮ್ ತುಂಬುವ ಕೆಲಸವೂ.

ನಾವೆಲ್ಲ ಹುಟ್ಟಿನಿಂದ ಸಸ್ಯಾಹಾರಿಗಳು. ಸಸ್ಯಾಹಾರಿ ಎಂದು ಬರೆದರೆ ಹೊರದೇಶಗಳಲ್ಲಿ ಏನಾಗುತ್ತದೆಂದು ನಮ್ಮವರಿಗೆ ಚೆನ್ನಾಗಿ ಗೊತ್ತು. ಜಪಾನಿನಲ್ಲಂತೂ ದಾಶಿ ಎಂಬ ಒಣಮೀನಿನ ತಿಳಿಸಾರು ತರಕಾರಿಗೂ ಬೀಳುತ್ತದೆ, ಅದನ್ನು ಮೀನೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದಕ್ಕೆ ನಮ್ಮ ಮಂದಿ ಕಂಡುಕೊಂಡ ಉಪಾಯವನ್ನು ರಘು ಅಂಕಲ್ ಫೋನಿನಲ್ಲಿ ನೆನಪಿಸಿದರು.

"ವೆಜ್ ಅಂತ ಬರೀಬೇಡ ಕಣಮ್ಮ, ಮೇಲಿಂದ ಮೀನು ಎತ್ತಿ ಪಕ್ಕಕ್ಕಿಟ್ಟು ಕೊಡ್ತಾರೆ. ಅಲರ್ಜಿ ಅಂತ ಬರಿ. ಕೇಸ್ ಬೀಳತ್ತೆ ಅನ್ನೋ ಭಯಕ್ಕೆ ಪಾತ್ರೇನೂ ತೊಳೀತಾರೆ. ನಂಬಿಕೆಗೆ ಹೆದರಲ್ಲ ಇವ್ರು, ಲಾಯರ್‌ಗೆ ಹೆದರ್ತಾರೆ. ನೀನೇ ಲಾಯರ್ ಅಲ್ವಾ!"

ನಾನು ನಕ್ಕೆ, ಮತ್ತು ಬರೆದೆ. ಬೇರೆಯವರ ಒಂದು ಅಕ್ಷರ ಸುಳ್ಳಾದರೂ ಬಿಡದವಳು ಆ ಮಧ್ಯಾಹ್ನ ಆಫೀಸಿನ ಊಟದ ವಿರಾಮದಲ್ಲಿ ಕೂತು ಒಂದು ಸಂಪೂರ್ಣ ಸುಳ್ಳನ್ನು ಕಟ್ಟಿದೆ. ನಾಲ್ವರಿಗೂ ಅಲರ್ಜಿ ಎಂದರೆ ಯಾರೂ ನಂಬುವುದಿಲ್ಲವೆಂದು ಚಿಕ್ಕಮ್ಮನೊಬ್ಬರನ್ನು ಆರಿಸಿಕೊಂಡೆ. ಉಳಿದವರೂ ಅದೇ ತಿನ್ನುತ್ತೇವೆ ಎಂದು ಸೇರಿಸಿದೆ. ಸಾಕ್ಷ್ಯ ನಿಲ್ಲುವುದು ವಿವರಗಳಿಂದ ಎಂದು ನನಗೆ ಕಲಿಸಿದ್ದರು. ಆದ್ದರಿಂದ ವಿವರ ಕೊಟ್ಟೆ. ಮೀನು ತಾಗಿದರೆ ಮೊದಲು ಎಡಗಿವಿಯ ಹಿಂದೆ ತುರಿಕೆ. ಆಮೇಲೆ ಕುಡಿದ ನೀರು ಕಬ್ಬಿಣದಂತೆ ರುಚಿಸುತ್ತದೆ. ಬಲಗೈಯ ಹಿಡಿತ ತಪ್ಪುತ್ತದೆ. ಕೊನೆಗೆ ದನಿ ನಿಲ್ಲುತ್ತದೆ. ಮೈಸೂರಿನಲ್ಲಿ ಒಮ್ಮೆ ಹೀಗಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಇದರಲ್ಲಿ ಒಂದು ಪದವೂ ನಿಜವಲ್ಲ. ಮೀನನ್ನು ಬಾಯಿಗೇ ಇಡದ ಚಿಕ್ಕಮ್ಮನಿಗೆ ಮೀನಿನ ಅಲರ್ಜಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನಾನು ಬರೆದದ್ದು ಅವರಿಗೂ ಗೊತ್ತಿರಲಿಲ್ಲ. ವೈದ್ಯೆಯಾದ ಅವರು ಇಂಥ ಸುಳ್ಳಿಗೆ ಒಪ್ಪುತ್ತಿರಲಿಲ್ಲವೆಂದು ನಾನು ಬೇಕೆಂದೇ ಹೇಳಲಿಲ್ಲ.

ಮಾರುಕಟ್ಟೆ ಒಂದು ಉದ್ದನೆಯ ಓಣಿ. ಮೇಲೆ ಹಳದಿಗಟ್ಟಿದ ಗಾಜಿನ ಚಾವಣಿ, ಎರಡೂ ಬದಿಗೆ ಹಿಂದಿನ ಗೋಡೆಯೇ ಕಾಣದಷ್ಟು ಸಾಮಾನು ತುಂಬಿದ ಅಂಗಡಿಗಳು. ನಮ್ಮ ಮಾರ್ಗದರ್ಶಕಿ ಮಿಚಿಕೊ ಅರುವತ್ತರ ಆಸುಪಾಸಿನವರು. ಮೆಲ್ಲಗೆ ಇಂಗ್ಲಿಷ್ ಮಾತನಾಡುತ್ತಿದ್ದರು. ಹೊರಡುವ ಮುನ್ನ ನನ್ನೊಬ್ಬಳನ್ನು ಪಕ್ಕಕ್ಕೆ ಕರೆದು, ಮಡಿಸಿಟ್ಟ ನನ್ನ ಫಾರ್ಮಿನ ಪ್ರತಿಯನ್ನು ಏಪ್ರನ್ನಿನ ಜೇಬಿನಿಂದ ಅರ್ಧ ತೆಗೆದು ತೋರಿಸಿದರು. ಮೂರು ಸಲ ಓದಿರುವುದಾಗಿಯೂ, ಹಿಂದಿನ ದಿನವೇ ಬಂದು ಪ್ರತಿ ಅಂಗಡಿಯಲ್ಲೂ ವಿಚಾರಿಸಿ, ಮೀನಿನ ಸೋಂಕೇ ಇಲ್ಲದ ತಿನಿಸುಗಳನ್ನು ಆರಿಸಿರುವುದಾಗಿಯೂ ಹೇಳಿದರು. ಇಷ್ಟು ವಿವರವಾಗಿ ಬರೆದದ್ದಕ್ಕೆ ತಲೆಬಾಗಿ ವಂದಿಸಿದರು. ನಾನೂ ಬಾಗಿದೆ. ಸತ್ಯ ಹೇಳದೆ ಉಳಿದವರತ್ತ ನಡೆದೆ.

ಮೊದಲು ಸುಟ್ಟ ಗೆಣಸು. ಬಳಿಕ ಅಕ್ಕಿತೌಡಿನಲ್ಲಿ ಹುಗಿದಿಟ್ಟ ಬದನೆಯ ಉಪ್ಪಿನಕಾಯಿ. ರಘು ಅಂಕಲ್ ಅದನ್ನು ಕಚ್ಚಿ, "ಲೇ ವಸು, ನಿಮ್ಮಮ್ಮನ ಜಾಡಿ ಒಡೆದ್ಬಿಟ್ಟು ನನ್ನ ಮೇಲೆ ಹೇಳಿದ್ಯಲ್ಲ, ಅದೇ ಟೇಸ್ಟು" ಎಂದರು. "ಒಡೆದಿದ್ದು ನೀನೇ ಕಣೋ, ಈಗ್ಲೂ ಒಪ್ಕೋ" ಎಂದು ವಸುಧಾ ಆಂಟಿ ರೇಗಿಸಿದರು. ಮೂರನೆಯದು ಸೋಯಾ ಹಾಲಿನಿಂದ ಕಣ್ಣೆದುರೇ ಮಾಡಿಕೊಟ್ಟ ಬಿಸಿ ತೋಫು, ಮೇಲೆ ಉಪ್ಪು ಮಾತ್ರ. ಅದನ್ನು ತಿಂದು ನಾಲ್ಕು ಹೆಜ್ಜೆ ನಡೆದಿದ್ದೆವು. ಚಿಕ್ಕಮ್ಮ ಎಡಗಿವಿಯ ಹಿಂದೆ ಕೆರೆದುಕೊಂಡರು.

ನಾನು ನೋಡಿದೆ. ಸೊಳ್ಳೆ ಇರಬಹುದು, ಓಲೆಯ ತಿರುಪು ಚುಚ್ಚಿರಬಹುದು. ಅವರು ಮತ್ತೆ ಕೆರೆದುಕೊಂಡರು. ಚಹಾದ ಅಂಗಡಿಯವಳು ಕೊಟ್ಟ ನೀರನ್ನು ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, "ಏನೇ ಇದು, ನೀರು ಕಬ್ಬಿಣ ಕಬ್ಬಿಣ ಅನ್ಸತ್ತೆ, ಕುಡಿದು ನೋಡು" ಎಂದು ಲೋಟವನ್ನು ನನ್ನತ್ತ ಚಾಚಿದರು.

ಆ ಕ್ಷಣ ನನಗಾದದ್ದನ್ನು ಭಯ ಎಂದರೆ ಸಾಲದು. ಮುಂದೇನಾಗುತ್ತದೆಂದು ನನಗೆ ಗೊತ್ತಿತ್ತು. ಆ ಓಣಿಯಲ್ಲಿ ಅದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಮಿಚಿಕೊ. ನಾನು ಕೈ ಚಾಚುವ ಮೊದಲೇ ಚಿಕ್ಕಮ್ಮನ ಬಲಗೈಯಿಂದ ಲೋಟ ಜಾರಿ ಬಿದ್ದು ಒಡೆಯಿತು. ಅವರು ತಮ್ಮ ಬೆರಳುಗಳನ್ನು ಬೇರೆಯವರ ಬೆರಳುಗಳೆಂಬಂತೆ ನೋಡಿದರು. ನನ್ನ ಹೆಸರು ಕರೆಯಲು ಬಾಯಿ ತೆರೆದರು. ತುಟಿ ಆಡಿತು, ದನಿ ಬರಲಿಲ್ಲ.

ವಸುಧಾ ಆಂಟಿ ಅವರನ್ನು ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಮೇಲೆತ್ತಿ ಹಿಡಿದರು. ಕುತ್ತಿಗೆಯ ಮೇಲೆ ಗಂಧೆಗಳು ಎದ್ದಿದ್ದವು, ತುಟಿ ಊದುತ್ತಿತ್ತು, ನಾಡಿ ಕ್ಷೀಣಿಸುತ್ತಿತ್ತು. "ನಳೀ, ನನ್ನೇ ನೋಡು, ಕಣ್ಣು ಮುಚ್ಬೇಡ ಕಣೇ" ಎನ್ನುತ್ತಿದ್ದರು. ರಘು ಅಂಕಲ್ ಕೈಯಲ್ಲಿ ತೋಫುವಿನ ಖಾಲಿ ಬಟ್ಟಲು ಹಿಡಿದೇ ನಿಂತಿದ್ದರು. ಮಿಚಿಕೊ ಆಂಬ್ಯುಲೆನ್ಸ್ ಕರೆಸಿ, ಫಾರ್ಮನ್ನು ಬಿಡಿಸಿ ನನ್ನ ಮುಂದೆ ಹಿಡಿದರು. "ನೀವು ಬರೆದ ಹಾಗೇ, ಅದೇ ಕ್ರಮದಲ್ಲಿ ಆಗುತ್ತಿದೆ" ಎಂದರು. ಆಸ್ಪತ್ರೆ ಮುಟ್ಟಿದೊಡನೆ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟ ಬಳಿಕ ಚಿಕ್ಕಮ್ಮನ ಉಸಿರು ಸಲೀಸಾಯಿತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಎದ್ದರು.

ಈಗ ನನ್ನ ತಪ್ಪಿನ ಎರಡನೆಯ ಭಾಗ. ಬ್ರಿಸ್ಬೇನಿಗೆ ಮರಳಿದ ಮಾರನೆಯ ದಿನವೇ ಪ್ರವಾಸದ ಸಂಸ್ಥೆಗೆ ಕಟುವಾದ ದೂರೊಂದನ್ನು ಬರೆದೆ. ಲಿಖಿತ ಎಚ್ಚರಿಕೆ ಇದ್ದರೂ ಮೀನು ತಿನ್ನಿಸಿದ್ದಾರೆ, ಹೊಣೆ ಯಾರದೆಂದು ಲಿಖಿತವಾಗಿ ತಿಳಿಸಿ ಎಂದು ಕೇಳಿದೆ. ನನ್ನ ಅಂಜಿಕೆಗೆ ಅದೊಂದೇ ದಾರಿ ಹೊಳೆದಿತ್ತು: ತೋಫುವಿನಲ್ಲಿ ದಾಶಿ ಬಿದ್ದಿರಲೇಬೇಕು, ಚಿಕ್ಕಮ್ಮನಿಗೆ ಯಾರಿಗೂ ತಿಳಿಯದ ಅಲರ್ಜಿ ಇದ್ದಿರಲೇಬೇಕು, ಉಳಿದದ್ದು ಕಾಕತಾಳೀಯ. ಮಿಚಿಕೊ ಅವರನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರವಿಟ್ಟಿದ್ದಾರೆಂದು ಉತ್ತರ ಬಂತು. ಜೊತೆಗೆ ಮೂರೂ ಅಂಗಡಿಗಳವರು ಸಹಿ ಮಾಡಿದ ಸಾಮಗ್ರಿಗಳ ಪಟ್ಟಿ ಇತ್ತು. ಗೆಣಸು. ಬದನೆ, ತೌಡು, ಉಪ್ಪು. ಸೋಯಾ, ನೀರು, ಉಪ್ಪು, ಸೋಯಾ ಹಾಲನ್ನು ಗಟ್ಟಿಯಾಗಿಸುವ ಉಪ್ಪುನೀರಿನ ಸಾರ. ಮೀನು ಎಲ್ಲಿಯೂ ಇರಲಿಲ್ಲ.

ಫೋರ್ಟಿಟ್ಯೂಡ್ ವ್ಯಾಲಿಯ ಅಲರ್ಜಿ ತಜ್ಞರು ಆ ಪಟ್ಟಿಯ ಪ್ರತಿಯೊಂದನ್ನೂ ಪರೀಕ್ಷಿಸಿದರು. ಮೀನನ್ನೂ ಪರೀಕ್ಷಿಸಿದರು. ಚಿಕ್ಕಮ್ಮನಿಗೆ ಯಾವುದರ ಅಲರ್ಜಿಯೂ ಇಲ್ಲ. ಮೀನಿನದಂತೂ ಇಲ್ಲವೇ ಇಲ್ಲ. ಕಾರಣ ಪತ್ತೆಯಾಗದ ಇಂಥ ಪ್ರಕರಣಗಳು ಇರುತ್ತವೆ ಎಂದು ತಜ್ಞರು ಶಾಂತವಾಗಿ ಹೇಳಿದರು. ಹೆದರಿಕೆಯಿಂದ ಹೀಗಾಗಬಹುದೇ ಎಂದು ನಾನು ಕೇಳಿದೆ. ರಕ್ತದೊತ್ತಡ ಅಷ್ಟು ಇಳಿದದ್ದನ್ನು ಹೆದರಿಕೆ ಎನ್ನಲಾಗದು ಎಂದರು. ಹೆದರಲು ಚಿಕ್ಕಮ್ಮನಿಗೆ ಕಾರಣವಾದರೂ ಏನಿತ್ತು? ಅವರು ಆ ಕಾಗದವನ್ನು ನೋಡಿಯೇ ಇರಲಿಲ್ಲ.

ಅಂದು ಸಂಜೆಯೇ ದೂರನ್ನು ಹಿಂತೆಗೆದುಕೊಂಡೆ. ಫಾರ್ಮಿನಲ್ಲಿ ಬರೆದದ್ದು ಸುಳ್ಳೆಂದು, ತಪ್ಪು ಸಂಪೂರ್ಣವಾಗಿ ನನ್ನದೆಂದು ಸಂಸ್ಥೆಗೂ ಮಿಚಿಕೊ ಅವರಿಗೂ ಬೇರೆ ಬೇರೆಯಾಗಿ ಬರೆದೆ. ಅವರನ್ನು ಮರಳಿ ಕೆಲಸಕ್ಕೆ ಕರೆದಿರುವುದಾಗಿ ಸಂಸ್ಥೆ ತಿಳಿಸಿತು. ಮಿಚಿಕೊ ಉತ್ತರಿಸಲಿಲ್ಲ. ಉತ್ತರಿಸಬೇಕಾಗಿಯೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಕಾಕತಾಳೀಯವೆಂಬ ಪದವನ್ನು ಹೇಗಾದರೂ ಹಿಗ್ಗಿಸಿ ಇದರ ಮೇಲೆ ಹೊದಿಸುತ್ತಿದ್ದೆನೇನೋ. ಆದರೆ ಅದೇ ಭೇಟಿಯಲ್ಲಿ, ಮೊದಲೇನಾದರೂ ಹೀಗಾಗಿತ್ತೇ ಎಂದು ತಜ್ಞರು ಕೇಳಿದ್ದರು. ಇಲ್ಲ ಎಂಬ ಉತ್ತರವನ್ನು ನಿರೀಕ್ಷಿಸುತ್ತಾ ನಾನು ಕಿಟಕಿಯತ್ತ ನೋಡುತ್ತಿದ್ದೆ. ಹೌದು, ಒಮ್ಮೆ ಆಗಿತ್ತು, ಮೈಸೂರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದರು ಎಂದರು ಚಿಕ್ಕಮ್ಮ, ತಡವರಿಸದೆ.

ಈ ಭಾಗಕ್ಕೆ ಮಾತ್ರ ಸಮಾಧಾನವೊಂದನ್ನು ಆಗಲೇ ಹುಡುಕಿಕೊಂಡೆ. ಒಸಾಕಾದ ಆಸ್ಪತ್ರೆಯಲ್ಲಿ ಮಿಚಿಕೊ ನನ್ನ ಫಾರ್ಮನ್ನು ಮೊದಲು ಇಂಗ್ಲಿಷಿನಲ್ಲಿ, ಬಳಿಕ ಜಪಾನಿಯಲ್ಲಿ ವೈದ್ಯರಿಗೆ ಗಟ್ಟಿಯಾಗಿ ಓದಿ ಹೇಳಿದ್ದರು. ಅರೆಪ್ರಜ್ಞೆಯಲ್ಲಿದ್ದ ಚಿಕ್ಕಮ್ಮನ ಕಿವಿಗೆ ಅದು ಬಿದ್ದು ನೆನಪಿನ ವೇಷ ತೊಟ್ಟಿರಬಹುದು. ಮನೆಗೆ ಮರಳುವ ದಾರಿಯಲ್ಲಿ ಪೆಟ್ರೋಲಿಗೆಂದು ಸರ್ವೋದಲ್ಲಿ (ಇಲ್ಲಿ ಬಂಕಿಗೆ ಹೀಗೆನ್ನುತ್ತಾರೆ) ಕಾರು ನಿಲ್ಲಿಸಿದಾಗ, "ಚಿಕ್ಕಮ್ಮ, ನಿಮ್ಮನ್ನ ಯಾವತ್ತೂ ಅಡ್ಮಿಟ್ ಮಾಡೇ ಇಲ್ಲ" ಎಂದೆ.

"ಏನೇ ಹಾಗಂತೀಯ? ಡಾಕ್ಟರ್ ಕಣೇ ನಾನು, ನನಗಾಗಿದ್ದು ನನಗೆ ಗೊತ್ತಿರಲ್ವಾ? ಸರ್ವೋಲಿ ಕೂತ್ಕೊಂಡು ಲಾಯರ್‌ಗಿರಿ ಮಾಡ್ಬೇಡ. ಬೇಕಾದ್ರೆ ಅಕ್ಕನ್ನೇ ಕೇಳೋಣ."

ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ಅಲ್ಲಿಂದಲೇ ಫೋನು ಮಾಡಿ ಸ್ಪೀಕರಿಗೆ ಹಾಕಿದರು. ಅಮ್ಮ ಗಲಿಬಿಲಿಗೊಂಡರು. "ಇಲ್ವಲ್ಲೇ ನಳಿನಿ. ಹೆರಿಗೆ ಬಿಟ್ರೆ ನೀನ್ಯಾವತ್ತೇ ಆಸ್ಪತ್ರೇಲಿ ಮಲಗಿದ್ದೆ? ಹುಷಾರಾಗಿದೀಯ ತಾನೆ?"

ಫೋನು ಇಟ್ಟ ಮೇಲೆ ಚಿಕ್ಕಮ್ಮ ತಮ್ಮ ಬಲ ಮಣಿಕಟ್ಟನ್ನು ಸವರಿಕೊಳ್ಳುತ್ತಾ, "ಅಕ್ಕ ಮರೆತಿದಾಳೆ. ಕೈ ಊದ್ಕೊಂಡು ಬಳೆ ತೆಗೆಯೋಕಾಗದೆ ಕತ್ತರಿಸಿದ್ರು. ಆ ಶಬ್ದ ಇನ್ನೂ ಕೇಳ್ಸತ್ತೆ ನಂಗೆ" ಎಂದರು.

ಓದುಗರೇ, ಫಾರ್ಮಿನ ಆ ಚೌಕದಲ್ಲಿ ಇಂತಿಷ್ಟೇ ಅಕ್ಷರಗಳೆಂಬ ಮಿತಿಯಿತ್ತು. ಕೈ ಊದಿ ಬಳೆಗಳನ್ನು ಕತ್ತರಿಸಿ ತೆಗೆಯಬೇಕಾಯಿತು ಎಂಬ ಸಾಲನ್ನು ನಾನು ಬರೆದಿದ್ದೆ, ಮಿತಿ ಮೀರಿತೆಂದು ಅಳಿಸಿ ಕಳುಹಿಸಿದ್ದೆ. ಅದು ಮಿಚಿಕೊ ಅವರ ಕಾಗದದಲ್ಲಿ ಇರಲಿಲ್ಲ. ಯಾವ ಕಾಗದದಲ್ಲೂ ಇರಲಿಲ್ಲ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅಲ್ಲೇ, ಕಾರಿನಲ್ಲೇ ಕೂತು, ಎಲ್ಲವನ್ನೂ ಚಿಕ್ಕಮ್ಮನಿಗೆ ಒಪ್ಪಿಸಿದೆ. ಅಲರ್ಜಿಯ ಸುಳ್ಳು, ವಿವರಗಳು, ಅಳಿಸಿದ ಬಳೆಯ ಸಾಲು. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಬದುಕಿದೆ ಎಂದುಕೊಳ್ಳುತ್ತಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

"ಇನ್ನೇನೇನು ಬರ್ದು ಅಳಿಸಿದೆ, ಹೇಳ್ಬಿಡು" ಎಂದರು.

ಇನ್ನೇನೂ ಇಲ್ಲ ಎಂದೆ. ಆ ಮಧ್ಯಾಹ್ನ ಆ ಚೌಕವನ್ನು ನಾನು ಎಷ್ಟೋ ಸಲ ತುಂಬಿ, ಎಷ್ಟೋ ಸಲ ಖಾಲಿ ಮಾಡಿದ್ದೆ. ಅಳಿಸಿದ್ದರಲ್ಲಿ ನೆನಪಿರುವುದು ಆ ಒಂದೇ ಸಾಲು. ಉಳಿದವು ಏನಿದ್ದವೆಂದು ಮೂರು ವರ್ಷಗಳಿಂದ ನೆನಪಿಸಿಕೊಳ್ಳಲು ಯತ್ನಿಸುತ್ತಿದ್ದೇನೆ.