ಹಿಂದಿನ ಸೀಟಿನವರು

ಹಳೇಬೀಡಿಗೆ ಬರುವ ವಿದೇಶಿಯರಿಗೆ ಗುಡಿ ತೋರಿಸೋದು ನನ್ನ ಕೆಲಸ, ಕಾರು ಕೊಡಿಸೋದಲ್ಲ. ಆದರೂ ಒಬ್ಬ ಜರ್ಮನ್, ಹಳೇ ಅಂಬಾಸಿಡರ್ ಕೊಂಡು ಊರೂರು ತಿರುಗ್ತೀನಿ ಅಂತ ಹಟ ಹಿಡಿದು, ಮಾತು ತಿಳಿಸೋಕೆ ನನ್ನನ್ನು ಅರಸೀಕೆರೆಗೆ ಎಳಕೊಂಡು ಹೋದ.

ಮಾರುವವರು ಕೊಬ್ಬರಿ ವ್ಯಾಪಾರಿ. ಜರ್ಮನ್ ಭಾರಿ ಹುಷಾರಿ. ಇಂಜಿನ್ ನೋಡಿದ, ಕಾಗದಪತ್ರ ನೋಡಿದ, ಕಾರಿನ ಮೇಲೆ ಬೇರೆ ಯಾರ ಹಕ್ಕೂ ಇಲ್ಲ ತಾನೆ ಅಂತ ನನ್ನಿಂದ ಮತ್ತೆ ಮತ್ತೆ ಕೇಳಿಸಿದ.

"ನಮ್ಮಪ್ಪಾಜಿ ಕಾರು. ಅವರು ತೀರ್ಕೊಂಡ್ರು. ಇನ್ಯಾರ ಹಕ್ಕೈತೆ?" ಅಂದರು ವ್ಯಾಪಾರಿ.

ಓಡಿಸಿ ತೋರಿಸೋಕೆ ಅವರೇ ಹೊರಟರು. ಮಾಲೇಕಲ್ಲು ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆಗೆದು, ಯಾರೋ ಇಳಿಯುವಷ್ಟು ಹೊತ್ತು ಕಾದು, ಮೆಲ್ಲಗೆ ಮುಚ್ಚಿದರು. ನಾನು ಹಿಂದೆಯೇ ಕೂತಿದ್ದೆ. ಅವರು ತೆಗೆದದ್ದು ನನ್ನ ಕಡೆಯ ಬಾಗಿಲಲ್ಲ.

"ಅಪ್ಪಾಜಿ ಶನಿವಾರ ಶನಿವಾರ ಬೆಟ್ಟದ ದೇವರ ದರ್ಶನಕ್ಕೆ ಇಲ್ಲಿ ಇಳಿಯೋರು. ರೂಢಿ ಆಗೋಗೈತೆ ಕಣ್ರೀ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಜರ್ಮನ್ ನಕ್ಕ.

ವ್ಯಾಪಾರ ಕುದುರಿತು. ಕಾರು ಅವನ ಕೈಗೆ ಬಂದದ್ದು ಒಂದು ಶನಿವಾರ. ಇಬ್ಬರೇ ಅದೇ ದಾರಿಯಲ್ಲಿ ಹೊರಟೆವು. ನಾನು ಮುಂದೆ ಅವನ ಪಕ್ಕ ಕೂತಿದ್ದೆ. ಬೆಟ್ಟದ ಬುಡದಲ್ಲಿ ತಟ್ಟನೆ ಬ್ರೇಕ್ ಹಾಕಿ, ಕನ್ನಡಿಯನ್ನೇ ನೋಡುತ್ತಾ ಕೇಳಿದ, "'ನಿಲ್ಸಪ್ಪ' ಅಂದರೇನು?"

ನಮಸ್ಕಾರ ಬಿಟ್ಟರೆ ಅವನಿಗೆ ಕನ್ನಡದ ಒಂದು ಪದವೂ ಬರುತ್ತಿರಲಿಲ್ಲ.

ನಾನು ಇಳಿದು ಹೋಗಿ ಹಿಂದಿನ ಬಾಗಿಲು ತೆಗೆದೆ. ಸ್ವಲ್ಪ ಕಾದು ಮೆಲ್ಲಗೆ ಮುಚ್ಚಿದೆ.

ಊರಿಗೆ ಬಸ್ಸಿನಲ್ಲೇ ವಾಪಸಾದೆ. ಅಪ್ಪಾಜಿ ದರ್ಶನ ಮುಗಿಸಿ ಬೆಟ್ಟ ಇಳಿಯೋ ಹೊತ್ತಿಗೆ ನಾನು ಅಲ್ಲಿರೋದು ಬೇಡ ಅನ್ನಿಸಿತು.