ಉತ್ತಯ್ಯನ ಕೋವಿಯ ಮಾನ

ಮೂರ್ನಾಡಿನ ನಮ್ಮ ನೆರೆಯ ಉತ್ತಯ್ಯನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಹೆಮ್ಮೆ ಮಾತ್ರ ಎರಡು ಕಡೆ: ಸಂತೆಯ ಮಾವಿನ ಮರದಡಿ ತನ್ನ ಗಾಡಿ ನಿಲ್ಲುವ ಜಾಗ, ಮತ್ತು ಅಜ್ಜನ ಕಾಲದ ಕೋವಿ. ಆ ಕೋವಿ ಎರಡು ವರ್ಷದಿಂದ ಹಾರುತ್ತಿಲ್ಲವೆಂದು ಬಲ್ಲವರು ಅವನ ಹೆಂಡತಿ ದಮಯಂತಿ ಮತ್ತು ನಾನು, ಇಬ್ಬರೇ. ಹಿಂದಿನ ವರ್ಷ ಕೋವಿ-ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದಲ್ಲಿ ಊರವರೆಲ್ಲ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ, ಇವನು ಕೈ ಉಳುಕಿದೆಯೆಂದು ಬಟ್ಟೆ ಸುತ್ತಿಕೊಂಡು ಕೂತಿದ್ದ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಹಬ್ಬಕ್ಕೆ ಮುಂಚೆ ಕೋವಿ ರಿಪೇರಿ ಮಾಡಿಸಲು ಗುಟ್ಟಾಗಿ ಹೊರಟ. ಸಂತೆಗೆ ಬಂದರೆ ಮಾವಿನ ಮರದಡಿ ಒಂದು ಕಾರು! ಶನಿವಾರಸಂತೆಯ ಏಲಕ್ಕಿ ವ್ಯಾಪಾರಿ ಪರಮೇಶಪ್ಪನವರದು. ಉತ್ತಯ್ಯ ಅದರ ಹಿಂದೆ ಗಾಡಿ ಅಡ್ಡ ನಿಲ್ಲಿಸಿ, ಎತ್ತುಗಳನ್ನು ಬಿಚ್ಚಿ ಬಂಪರಿಗೇ ಕಟ್ಟಿದ.

"ಗಾಡಿ ಒಸಿ ಸರಿಸಿ ಯಜಮಾನ್ರೇ, ಹೊರಡ್ಬೇಕು," ಎಂದರು ಪರಮೇಶಪ್ಪ.

"ಕಾರು ಅಲುಗಿದ್ರೆ ನಾಲ್ಕು ಚಕ್ರಕ್ಕೂ ಗುಂಡು!" ಎಂದು ಇವನು ಕೋವಿ ಇಳಿಸಿ ಗುರಿ ಹಿಡಿದ.

ಪರಮೇಶಪ್ಪ ನೆಟ್ಟಗೆ ಪೊಲೀಸರ ಬಳಿ ಹೋದರು. ಅಡ್ಡಗಟ್ಟಿದ್ದಕ್ಕೆ ಒಂದು ಕಲಂ, ಬೆದರಿಸಿದ್ದಕ್ಕೆ ಇನ್ನೊಂದು. ಕೋವಿ ಜಪ್ತಿಯಾಯಿತು. ಕೈಲ್ ಮುಹೂರ್ತದ ದಿನ ಪೂಜೆಗಿಡಲು ಕೋವಿಯಿಲ್ಲದ ಮನೆಯೆಂದರೆ ಗಂಡಿಲ್ಲದ ಮದುವೆ. ಉತ್ತಯ್ಯನಿಗೆ ಊಟ ಸೇರಲಿಲ್ಲ.

ದಮಯಂತಿ ವಕೀಲ ಪೊನ್ನಪ್ಪನಿಗೆ ಗುಟ್ಟು ಬಿಟ್ಟುಕೊಟ್ಟಳು. "ಕೋವಿ ಹಾರುದಿಲ್ಲಾಂತ ಕೋರ್ಟಲ್ಲಿ ಹೇಳುವ, ಕೇಸು ಸಡಿಲ ಆಗ್ತದೆ," ಎಂದ ಅವನು.

"ಬೊತ್ತು, ಅದೆಲ್ಲ ಬೇಡ! ಬೇಕಾದ್ರೆ ಜೈಲಿಗೆ ಹೋಗ್ತೇನೆ. ಅಜ್ಜನ ಕೋವಿ ಹಾರುದಿಲ್ಲಾಂತ ಊರ ಮುಂದೆ ಹೇಳುದಿಲ್ಲ!" ಎಂದು ಉತ್ತಯ್ಯ ಎಗರಾಡಿದ.

"ಹಾಗಾದ್ರೆ ಶಿಕ್ಷೆ ನಿಂಗೆ, ಕೋವಿ ಸರ್ಕಾರಕ್ಕೆ. ಇನ್ನುಳಿದದ್ದು ರಾಜಿ. ಚಕ್ರಕ್ಕೆ ಗುಂಡು ಅಂದದ್ದು ಪುಣ್ಯ, ಎದೆಗೆ ಅಂದಿದ್ರೆ ಅದೂ ಇರ್ಲಿಲ್ಲ."

ವಾಯಿದೆಯ ದಿನ ಕೋರ್ಟಿನ ಜಗಲಿಯಲ್ಲಿ ದಮಯಂತಿ ಪರಮೇಶಪ್ಪನವರ ಹತ್ತಿರ ಹೋಗಿ ಏನೋ ಪಿಸುಗುಟ್ಟಿದಳು. ಅವರು ಹೆಗಲ ಶಲ್ಯ ಜಾರುವಷ್ಟು ನಕ್ಕರು, ರಾಜಿಗೆ ಒಪ್ಪಿದರು. ಇದೊಂದೂ ತಿಳಿಯದ ಉತ್ತಯ್ಯ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು "ತಪ್ಪಾಯ್ತು" ಎಂದ. ಹಬ್ಬಕ್ಕೆ ಬನ್ನಿ ಎಂದು ಕರೆದವಳೂ ದಮಯಂತಿಯೇ.

ಕೋವಿ ಕೈಗೆ ಬಂದದ್ದು ಹಬ್ಬದ ಹಿಂದಿನ ಸಂಜೆ. ರಿಪೇರಿಗೆ ಎಲ್ಲಿಯ ಸಮಯ? ಮರುದಿನ ಪರಮೇಶಪ್ಪ ಕಾರಿನಲ್ಲೇ ಬಂದರು. ಮಾಂಸ ಮುಟ್ಟದ ಅವರಿಗೆ ದಮಯಂತಿ ಬೇರೆಯೇ ಕಡುಬು, ತುಪ್ಪ ತೆಗೆದಿಟ್ಟಿದ್ದಳು.

"ಈ ಸಲ ಕೈ ಸರಿ ಉಂಟಲ್ಲ ಉತ್ತಯ್ಯ, ಹೊಡಿ!" ಎಂದು ಊರವರು ಕೂಗಿದರು.

ಉತ್ತಯ್ಯ ನನ್ನ ಮುಖ ನೋಡಿದ. ನಾನು ಮರ ನೋಡಿದೆ. ಅವನು ಕೋವಿ ಎತ್ತಿ ಕುದುರೆ ಎಳೆದ.

ಟಿಕ್.

ಪರಮೇಶಪ್ಪ ಎರಡೂ ಕಿವಿ ಮುಚ್ಚಿಕೊಂಡರು. "ಅಯ್ಯೋ ಶಿವನೇ, ಏನ್ ಸದ್ದು! ಅವತ್ತು ನಾನು ಸುಮ್ಸುಮ್ನೆ ಹೆದರ್ಲಿಲ್ಲ ಕಣ್ರಪ್ಪಾ!"

ಊರು ಬಿದ್ದು ಬಿದ್ದು ನಕ್ಕಿತು. ಉತ್ತಯ್ಯ ಹೆಂಡತಿಯ ಕಡೆ ತಿರುಗಿ ಕಣ್ಣು ಕೆಂಪು ಮಾಡಿದ. ಆಮೇಲೆ ಅವನಿಗೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ಮುಂದಿನ ಸಂತೆಗೆ ಅವನ ಗಾಡಿ ಮಾವಿನ ಮರದಡಿ ಒಂದು ಕಾರಿನಷ್ಟು ಜಾಗ ಬಿಟ್ಟು ನಿಂತಿತ್ತು.