ಕನ್ನಡಿಯೊಳಗಿನ ಅಂಗಡಿ

ಕೈ ಬಲಕ್ಕೆ ಹೋಗಿತ್ತೋ, ಎಡಕ್ಕೆ ಹೋಗಿತ್ತೋ?

ರೈಲು ಎರಡು ನಿಲ್ದಾಣ ದಾಟುವವರೆಗೆ ಇಂಥದೊಂದು ಪ್ರಶ್ನೆ ಇದೆಯೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಕಂಬಿ ಹಿಡಿದು ನಿಂತಲ್ಲೇ ಕಣ್ಣು ಕೂಡಿತ್ತು. ತಲೆ ಯಾರದೋ ಹೆಗಲಿಗೆ ತಗಲಿ ಎಚ್ಚರವಾದಾಗ, ಸಂಜೆ ಅಂಗಡಿಗೆ ಬಂದಿದ್ದ ಮುದುಕನ ಮುಖ ಎದುರಿಗೇ ನಿಂತ ಹಾಗೆ ಕಂಡಿತು. ಮೊಮ್ಮಗನ ಜ್ವರಕ್ಕೆಂದು ಆತನಿಗೆ ಹಳದಿ ಪೆಟ್ಟಿಗೆಯೊಂದನ್ನು ಕೊಟ್ಟದ್ದು ನೆನಪಿದೆ. ಅದನ್ನು ಯಾವ ಕಪಾಟಿನಿಂದ ತೆಗೆದೆ ಎಂಬುದು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ ಅಳಿಸಿಹೋಗಿತ್ತು.

ಅವಳು ಔಷಧದಂಗಡಿಯವಳು. ಓದು ಮುಗಿಸಿ, ಮದುವೆಗೂ ಮುಂಚೆ, ಮನೆಯ ಬೀದಿಯ ಕೊನೆಯಲ್ಲಿದ್ದ ಅಂಗಡಿಗೆ ಸೇರಿದವಳು ವರ್ಷಗಟ್ಟಲೆ ಅಲ್ಲೇ ಇದ್ದಳು. ಬೀದಿಯವರ ಪಾಲಿಗೆ ಅವಳು ಅರ್ಧ ಡಾಕ್ಟರು. ಗಿರಾಕಿಯ ಜೊತೆ ಮಾತಾಡುತ್ತಲೇ, ತಿರುಗಿಯೂ ನೋಡದೆ, ಬೇಕಾದ ಔಷಧವನ್ನು ಕಪಾಟಿನಿಂದ ತೆಗೆದು ಮುಂದಿಡುತ್ತಿದ್ದಳು. ನಿನ್ನ ಕೈಗೇ ಕಣ್ಣಿದೆ, ಮುಖದ ಮೇಲಿನವು ಬರೀ ನನ್ನನ್ನು ಗದರಿಸುವುದಕ್ಕೆ ಎಂದು ಗಂಡ ರೇಗಿಸುತ್ತಿದ್ದ. ಮಗಳು ಹುಟ್ಟಿದ ಮೇಲೆ ಅತ್ತೆ ಹಾಲಿನ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಅಂಗಡಿಗೇ ಬರುತ್ತಿದ್ದರು. ಒಳಗೆ ರಟ್ಟಿನ ಡಬ್ಬಗಳ ಮೇಲೆ ಕೂತು ಹಾಲೂಡಿಸಿ, ಸೆರಗು ಸರಿಮಾಡಿಕೊಂಡು ಮತ್ತೆ ಕೌಂಟರಿಗೆ ಬಂದು ನಿಲ್ಲುತ್ತಿದ್ದಳು.

ಅಂಗಡಿ ನಡೆಸುತ್ತಿದ್ದ ಕಂಪನಿಗೆ ಇಂಥವು ಊರೂರಲ್ಲಿ ಬೇಕಾದಷ್ಟಿದ್ದವು. ಈ ಬೀದಿಯದರ ಗಳಿಕೆ ಸಾಲದು ಅನ್ನಿಸಿತೋ ಏನೋ, ಒಂದು ದಿನ ಮುಚ್ಚಿ, ಅವಳನ್ನು ಪಕ್ಕದ ಊರಿನ ಶಾಖೆಗೆ ಹಾಕಿದರು. ಪಕ್ಕದ ಊರು ಅನ್ನುವುದು ನಕ್ಷೆಯಲ್ಲಿ. ಕಾಲಿಗೆ ಅದು ಒಂದು ರೈಲು, ಒಂದು ಬಸ್ಸು, ಆಮೇಲೆ ಉಸಿರುಗಟ್ಟುವ ಒಂದು ಸುರಂಗದಾರಿ. ಲಿಫ್ಟು ರಿಪೇರಿ ಮಾಡುವ ಗಂಡನಿಗೆ ಆಗ ಕೆಲಸ ಇದ್ದರುಂಟು ಇಲ್ಲದಿದ್ದರಿಲ್ಲ. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ. ಹೋಗದೆ ವಿಧಿಯಿರಲಿಲ್ಲ.

ಹೊಸ ಶಾಖೆಯ ಬಾಗಿಲು ದಾಟಿದ ಮೊದಲ ದಿನ ಅವಳಿಗೆ ನಗು ಬಂದಿತ್ತು. ಅದೇ ಬೋರ್ಡು, ಅದೇ ಬಿಳಿ ದೀಪ, ಅದೇ ಕಪಾಟು, ಅದೇ ಎತ್ತರದ ಸ್ಟೂಲು. ಕಟ್ಟಡ ಬೇರೆ ದಿಕ್ಕಿಗೆ ಮುಖ ಮಾಡಿದ್ದರಿಂದ ಎಲ್ಲವೂ ಅದಲುಬದಲು, ಅಷ್ಟೆ. ಹಳೆಯ ಅಂಗಡಿಯನ್ನೇ ಎತ್ತಿ ಕನ್ನಡಿಯೊಳಗೆ ಇಟ್ಟ ಹಾಗಿತ್ತು. ಅಲ್ಲಿ ಮಕ್ಕಳ ಜ್ವರದ ಸಿರಪ್ಪು ಎಡಗಡೆ, ಎಳೆಗೂಸುಗಳಿಗೆ ಕೊಡುವ ಅದೇ ಜ್ವರದ ಹನಿಮದ್ದು ಬಲಗಡೆ. ಇಲ್ಲಿ ಸಿರಪ್ಪು ಬಲಗಡೆ, ಹನಿಮದ್ದು ಎಡಗಡೆ. ಎರಡೂ ಒಂದೇ ಕಂಪನಿಯವು, ಎರಡಕ್ಕೂ ಅದೇ ಹಳದಿ ಪೆಟ್ಟಿಗೆ. ಹನಿಮದ್ದಿನದು ಒಂದು ಚೂರು ಗಿಡ್ಡ.

ತಲೆ ಒಂದು ವಾರದಲ್ಲಿ ಕಲಿಯಿತು. ಕೈ ಕಲಿಯಲಿಲ್ಲ. ಚೆನ್ನಾಗಿ ನಿದ್ದೆಯಾದ ದಿನ ಹೇಳಿದ ಮಾತು ಕೇಳುತ್ತಿತ್ತು, ಇಲ್ಲದ ದಿನ ತನ್ನಷ್ಟಕ್ಕೆ ತಾನು ಹಳೆಯ ಅಂಗಡಿಗೆ ಹೋಗಿಬಿಡುತ್ತಿತ್ತು. ಒಲೆಯ ಹತ್ತಿರ ಹೋದ ಮಗುವಿನ ಕೈ ಎಳೆದುಕೊಳ್ಳುವಂತೆ ಅವಳು ಅದನ್ನು ನಡುದಾರಿಯಲ್ಲೇ ಹಿಂದಕ್ಕೆಳೆಯುತ್ತಿದ್ದಳು. ಆಗೆಲ್ಲ ವರ್ಗಾವಣೆಯ ಆದೇಶ ತಲುಪದ ಇನ್ನೊಬ್ಬಳು ಇದೇ ಸ್ಟೂಲಿನ ಮೇಲೆ, ತನ್ನ ಮೈಯೊಳಗೇ ಕೂತು, ಮುಚ್ಚಿಹೋದ ಅಂಗಡಿಯ ಗಿರಾಕಿಗಳಿಗೆ ಔಷಧ ಕೊಡುತ್ತಿದ್ದಾಳೆ ಅನ್ನಿಸುತ್ತಿತ್ತು.

ನಿದ್ದೆ ಆದರೂ ಎಲ್ಲಿಂದ ಬರಬೇಕು? ಹಾಸಿಗೆಗೆ ಬಿದ್ದರೆ ಮಂಚವೇ ರೈಲಿನ ಹಾಗೆ ತೂಗುತ್ತಿತ್ತು. ಹಾಲು ಹೊಸ ಶಾಖೆಗೆ ಹೋದ ಕೆಲವೇ ವಾರಗಳಲ್ಲಿ ಬತ್ತಿತು. ಬಾಚಣಿಗೆ ತುಂಬ ಕೂದಲು. ಸುಮ್ಮನೆ ಕೂತಿರುವಾಗ ಎದೆ ಡವಡವ ಹೊಡೆದುಕೊಂಡು, ಯಾರೋ ಓಡಿಸಿಕೊಂಡು ಬಂದಂತೆ ಉಸಿರು ಮೇಲೇರುತ್ತಿತ್ತು. ಡಾಕ್ಟರು ರಕ್ತ ನೋಡಿ, ಎಲ್ಲ ಸರಿ ಇದೆ, ಚೆನ್ನಾಗಿ ನಿದ್ದೆ ಮಾಡಿ ಎಂದರು. ಆ ಮಾತನ್ನು ರೈಲಿನವರಿಗೆ ಹೇಳಿ ಸಾರ್ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು.

ಅವಳು ಹೊರಡುವಾಗ ಮಗಳು ಎದ್ದಿರುತ್ತಿರಲಿಲ್ಲ. ಅತ್ತೆ ಒಮ್ಮೆ ಚಪ್ಪಲಿ ಮೆಟ್ಟುತ್ತಿದ್ದವಳ ಹಿಂದೆ ನಿಂತು ಅಂದಿದ್ದರು:

"ಬೆಳಕು ಹರಿಯೋದ್ರೊಳಗೆ ಮಾಯ, ಕತ್ತಲಾದ್ಮೇಲೆ ಪ್ರತ್ಯಕ್ಷ. ನಿನಗೂ ದೆವ್ವಕ್ಕೂ ಏನೇ ವ್ಯತ್ಯಾಸ? ಅದಕ್ಕಾದ್ರೂ ಪಾದ ಹಿಂದುಮುಂದಾಗಿರತ್ತಂತೆ, ಗುರುತು ಸಿಗತ್ತೆ."

ಅತ್ತೆಯದು ಕುಹಕವಲ್ಲ, ಊಟದ ಡಬ್ಬಿಯನ್ನು ಕೈಗಿಡುತ್ತ ಆಡಿದ ಮಾತು. ಆದರೂ ಅದು ಅವಳನ್ನು ದಾರಿಯುದ್ದಕ್ಕೂ ಹಿಂಬಾಲಿಸಿತು. ರಜೆಯ ದಿನವೊಂದರಲ್ಲಿ ನೆಂಟರು ಬಂದು, ಅಮ್ಮ ಎಲ್ಲಿ ಪುಟ್ಟೀ ಎಂದು ಕೇಳಿದಾಗ, ಪಕ್ಕದಲ್ಲೇ ಕೂತಿದ್ದ ಅವಳನ್ನು ಬಿಟ್ಟು ಮಗಳು ಮೇಜಿನ ಮೇಲಿದ್ದ ಮೊಬೈಲನ್ನು ತೋರಿಸಿತು. ಎಲ್ಲರೂ ನಕ್ಕರು. ಅವಳೂ ನಕ್ಕು, ಮುಖ ತೊಳೆಯಲು ಎದ್ದು ಹೋದವಳು ತುಂಬ ಹೊತ್ತು ಬರಲಿಲ್ಲ.

ಇವತ್ತು ಸಂಜೆ ಆದದ್ದಿಷ್ಟು. ಅಂಗಡಿಯ ಕಂಪ್ಯೂಟರ್ ಕೆಟ್ಟು ಕೂತಿತ್ತು, ಬಿಲ್ಲನ್ನು ಕೈಯಲ್ಲೇ ಬರೆಯುತ್ತಿದ್ದರು. ಇಲ್ಲದಿದ್ದರೆ ತಪ್ಪು ಪೆಟ್ಟಿಗೆಗೆ ಯಂತ್ರವೇ ಕಿರುಚಿಕೊಳ್ಳುತ್ತಿತ್ತು. ಮುದುಕ ಡಾಕ್ಟರ ಚೀಟಿ ಕೊಟ್ಟು, ಎಷ್ಟೆಷ್ಟು ಕುಡಿಸಬೇಕೆಂದು ಹೇಳಿದರೆ ತನಗೆ ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ, ಸೊಸೆಗೇ ಹೇಳಿಬಿಡಮ್ಮ ಎಂದ. ಅವನ ಫೋನು ಸತ್ತಿತ್ತು. ಚೀಟಿಯ ಹಿಂದೆ ಬರೆದಿದ್ದ ನಂಬರು ನೋಡಿ ಅವಳು ತನ್ನ ಮೊಬೈಲಿನಿಂದಲೇ ಆ ಸೊಸೆಗೆ ಫೋನು ಹಚ್ಚಿ, ಅದನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಐದು ಎಂಎಲ್, ಈಗೊಂದು ಸಲ, ರಾತ್ರಿ ಊಟ ಆದಮೇಲೆ ಒಂದು ಸಲ, ನಾಳೆಯಿಂದ ಮೂರು ಹೊತ್ತು ಎಂದು ಹೇಳುತ್ತ ಪೆಟ್ಟಿಗೆ ತೆಗೆದುಕೊಟ್ಟಳು. ಮಗುವಿಗೆ ಮೂರು ವರ್ಷ, ತನ್ನ ಪುಟ್ಟಿಯಷ್ಟೇ.

ಅದು ಸಿರಪ್ಪಾಗಿದ್ದರೆ ಸರಿ. ಹನಿಮದ್ದಾಗಿದ್ದರೆ? ಹನಿ ಲೆಕ್ಕದಲ್ಲಿ ಕುಡಿಸಲೆಂದು ಅದನ್ನು ಹಲವು ಪಟ್ಟು ಗಡುಸಾಗಿ ಮಾಡಿರುತ್ತಾರೆ. ಚಮಚದ ಲೆಕ್ಕದಲ್ಲಿ ಒಂದು ಸಲ ಹೋದರೆ ಮೈ ಹೇಗೋ ತಡೆದುಕೊಂಡೀತು. ಹೊತ್ತುಹೊತ್ತಿಗೆ ಹೋಗುತ್ತಿದ್ದರೆ ಒಳಗೊಳಗೇ ಯಕೃತ್ತನ್ನು ತಿನ್ನುತ್ತದೆ. ಜ್ವರವೇನೋ ಇಳಿಯುತ್ತದೆ, ಮನೆಯವರು ಔಷಧ ಹಿಡಿಯಿತೆಂದು ಸಮಾಧಾನದಲ್ಲಿರುತ್ತಾರೆ.

ಆ ಸೊಸೆಯ ನಂಬರು ಅವಳ ಮೊಬೈಲಿನಲ್ಲೇ ಇತ್ತು, ಬೆರಳು ಒತ್ತುವುದಷ್ಟೇ ಬಾಕಿ. ಆದರೆ ಅವಳು ಇಂಥ ಫೋನನ್ನು ಮೊದಲೇ ಎರಡು ಸಲ ಮಾಡಿಯಾಗಿತ್ತು. ರಕ್ತದೊತ್ತಡದ ಮಾತ್ರೆ ತಪ್ಪಿತೆಂದು ಹೆದರಿ ಒಬ್ಬ ಹೆಂಗಸಿಗೆ ಫೋನು ಮಾಡಿದರೆ, ಆಕೆ ಗಾಬರಿಗೆ ತಲೆ ತಿರುಗಿ ಬಿದ್ದು ಆಸ್ಪತ್ರೆ ಸೇರಿದಳು. ಮಾತ್ರೆ ಸರಿಯಾದದ್ದೇ ಆಗಿತ್ತು. ಇನ್ನೊಂದು ಸಲ ಯಾವನೋ ಕಚೇರಿಯಿಂದ ಓಡಿಬಂದು ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಕುಕ್ಕಿ, ನಿಮ್ಮವರಿಗೆ ತಲೆ ನೆಟ್ಟಗಿದೆಯಾ ಎಂದು ಕೇಳಿದ. ಅದೂ ಸರಿಯಾದದ್ದೇ. ಅಂದಿನಿಂದ ಶಾಖೆಯಲ್ಲಿ ಅವಳ ಹೆಸರು ಚಿಂತಾಮಣಿ. ಮ್ಯಾನೇಜರ್ ಮಾತ್ರ ನಗಲಿಲ್ಲ. ಇನ್ನೊಮ್ಮೆ ಗಿರಾಕಿಗಳನ್ನು ಹೆದರಿಸಿದರೆ ಇದಕ್ಕಿಂತ ದೂರದ ಶಾಖೆಗೆ ಬರೆದುಹಾಕುತ್ತೇನೆ, ಅಲ್ಲಿಗೆ ರೈಲೂ ಇಲ್ಲ, ಮನೆ ಮಾಡಿಕೊಂಡೇ ಇರಬೇಕು ಎಂದಿದ್ದ. ಮನೆ ಮಾಡಿಕೊಂಡು ಅಂದರೆ ಪುಟ್ಟಿಯನ್ನು ಬಿಟ್ಟು.

ಇಳಿಯುವ ನಿಲ್ದಾಣ ಬಂದರೂ ಮೊಬೈಲು ಅಂಗೈಯಲ್ಲಿ ಬೆವರುತ್ತಲೇ ಇತ್ತು. ನಿಲ್ದಾಣಕ್ಕೆ ಬಂದಿದ್ದ ಗಂಡನಿಗೆ ಎಲ್ಲ ಹೇಳಿದಳು. ಅವನು ಸ್ಕೂಟರಿನ ಕನ್ನಡಿಯಲ್ಲಿ ಅವಳ ಮುಖ ನೋಡುತ್ತ, ಹಿಂದಿನ ಎರಡು ಸಲವೂ ಹೀಗೇ ಆಣೆ ಮಾಡಿದ ಹಾಗೆ ಹೇಳಿದ್ದೆಯಲ್ಲ ಎಂದು ಮೆಲ್ಲಗೆ ನೆನಪಿಸಿದ. ಅದೂ ಸುಳ್ಳಲ್ಲ.

ಮನೆಯಲ್ಲಿ ಅತ್ತೆ ಪುಟ್ಟಿಗೆ ತುತ್ತು ಇಡುತ್ತಿದ್ದರು. ಅವಳು ಬ್ಯಾಗನ್ನೂ ಇಳಿಸದೆ ಅಡುಗೆಮನೆಗೆ ಹೋಗಿ ಸ್ಟೂಲೆಳೆದು, ಕೌಂಟರಿನ ಮುಂದೆ ಕೂರುವಂತೆ ಕಟ್ಟೆಯ ಮುಂದೆ ಕೂತಳು. ಆರಿದ ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಕಣ್ಣು ಮುಚ್ಚಿದಳು. ಐದು ಎಂಎಲ್, ಈಗೊಂದು ಸಲ, ರಾತ್ರಿ ಊಟ ಆದಮೇಲೆ ಒಂದು ಸಲ ಎಂದು ಗಟ್ಟಿಯಾಗಿ ಹೇಳುತ್ತ ಕೈಯನ್ನು ಅದರ ಪಾಡಿಗೆ ಬಿಟ್ಟಳು.

ಕೈ ಒಂದು ಕ್ಷಣವೂ ಅನುಮಾನಿಸಲಿಲ್ಲ. ನಿರಾಳವಾಗಿ, ಹಳೆಯ ಗೆಳತಿಯ ಮನೆಗೆ ಹೋಗುವಂತೆ, ಎಡಕ್ಕೆ ಹೋಗಿ ಅಲ್ಲಿದ್ದ ಉಪ್ಪಿನ ಡಬ್ಬಿಯನ್ನು ಹಿಡಿಯಿತು.

ಕಣ್ಣು ತೆರೆದಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಇದೇನು ಕುರುಡರಾಟ ಎಂದು ಕೇಳಿದರು. ಅವಳು ಹೇಳಿದಳು. ಗಂಡನೂ ಬಂದು ನಿಂತ. ಇದರಿಂದ ಏನೂ ಸಾಬೀತಾಗುವುದಿಲ್ಲ, ಬೆಳಿಗ್ಗೆ ಮೊದಲು ಹೋಗಿ ಕಪಾಟಿನಲ್ಲಿ ಎಣಿಸಿ ನೋಡಿದರೆ ತಿಳಿಯುತ್ತದೆ, ಆಮೇಲೆ ಫೋನು ಮಾಡಿದರಾಯಿತು ಎಂದ. ಅವನ ದನಿಯಲ್ಲಿ ಮ್ಯಾನೇಜರನ ಭಯ ಇವಳದಕ್ಕಿಂತ ಹೆಚ್ಚಿತ್ತು.

ಅತ್ತೆ ಎಂಜಲು ಕೈಯನ್ನು ಹಾಗೇ ಹಿಡಿದುಕೊಂಡು ಒಳಗೆ ಕೂತಿದ್ದ ಪುಟ್ಟಿಯ ಕಡೆ ನೋಡಿದರು.

"ಆ ಮಗೂಗೂ ಈಗ ಊಟದ ಹೊತ್ತಲ್ವೇನೇ?"

ಅವಳು ನಂಬರು ಒತ್ತಿದಳು. ಬಹಳ ಹೊತ್ತು ರಿಂಗಾಯಿತು. ಕೊನೆಗೆ ಸಂಜೆ ಕೇಳಿದ್ದ ಅದೇ ಹೆಣ್ಣುದನಿ, ಹಿಂದೆ ತಟ್ಟೆ ಲೋಟಗಳ ಸದ್ದು.

"ನಾನು ಔಷಧದಂಗಡಿಯವಳು, ಸಂಜೆ ಮಾತಾಡಿದ್ನಲ್ಲ. ಮಗೂಗೆ ರಾತ್ರಿದು ಕೊಟ್ರಾ?"

"ಇಲ್ಲ, ಮಲಗಿದಾನೆ. ಜ್ವರ ಬಿಟ್ಟಿದೆ. ಎಬ್ಬಿಸಿ ಕೊಡೋಣ ಅಂತ ಇದ್ದೆ."

"ಕೊಡ್ಬೇಡಿ. ಬಾಟ್ಲಿ ತಗೊಂಡು, ಮೇಲೆ ಏನು ಬರ್ದಿದೆ ಓದಿ."

ಹೆಜ್ಜೆಯ ಸದ್ದು ದೂರ ಹೋಯಿತು, ಹತ್ತಿರ ಬಂದಿತು. ಆಕೆ ಹೆಸರನ್ನು ಕೂಡಿಸಿ ಕೂಡಿಸಿ ಓದಿದಳು. ಕೊನೆಯಲ್ಲಿ ಒಂದು ಗಳಿಗೆ ತಡೆದು, "ಡ್ರಾಪ್ಸ್ ಅಂತ ಇದೆ," ಎಂದಳು. "ಯಾಕೆ?"

ವಿಚಿತ್ರವೆಂದರೆ, ಅಷ್ಟು ಹೊತ್ತೂ ಹೊಡೆದುಕೊಳ್ಳುತ್ತಿದ್ದ ಅವಳ ಎದೆ ಆಗ ತೆಪ್ಪಗಾಯಿತು.

"ಮಗೂನ ಎಬ್ಬಿಸಿ. ನಾನು ಕಾಯ್ತೀನಿ, ಅವನ ದನಿ ಕೇಳ್ಬೇಕು ನನಗೆ."

ಕಾದಳು. ಆ ಕಡೆ ಬಟ್ಟೆಯ ಸರಬರ, ಏನೋ ಗೊಣಗು, ಆಮೇಲೆ ನಿದ್ದೆಗೆಟ್ಟ ಸಿಟ್ಟಿನಲ್ಲಿ ರಾಗ ಎಳೆದ ಒಂದು ಅಳು. ಅವಳು ಕಟ್ಟೆಯನ್ನು ಹಿಡಿದುಕೊಂಡೇ ಮಾತು ಮುಂದುವರಿಸಿದಳು. ಬೇರೆ ಮದ್ದು ಹೋಗಿದೆ, ತುಂಬ ಗಡುಸಿನದು. ಒಂದು ಸಲಕ್ಕೆ ಹೆದರುವಂಥದ್ದು ಆಗಲಾರದು, ಆದರೆ ಇವತ್ತೇ ಆಸ್ಪತ್ರೆಗೆ ಹೋಗಿ, ಬಾಟಲಿಯನ್ನೂ ಒಯ್ಯಿರಿ, ಸಂಜೆ ಐದು ಎಂಎಲ್ ಕುಡಿಸಿದ್ದೆವೆಂದು ಹೇಳಿ. ಇನ್ನೊಂದು ಹನಿಯೂ ಬೇಡ.

ಆ ಕಡೆಯ ದನಿ ಗಟ್ಟಿಯಾಯಿತು. "ಯಾರು ಕೊಟ್ಟಿದ್ದು ಇದನ್ನ? ಯಾರು ನೀವು?"

ಗಂಡ ಬೇಡವೆನ್ನುವಂತೆ ಕೈ ಅಲ್ಲಾಡಿಸಿದ. ಅವಳು ಅವನಿಗೆ ಬೆನ್ನು ತಿರುಗಿಸಿದಳು.

"ನಾನೇ ಕೊಟ್ಟಿದ್ದು. ಬರ್ಕೊಳ್ಳಿ," ಎಂದು ಹೇಳಿ, ತನ್ನ ಪೂರ್ತಿ ಹೆಸರನ್ನು, ಆಮೇಲೆ ಶಾಖೆಯ ವಿಳಾಸವನ್ನು, ಔಷಧದ ಅಳತೆ ಹೇಳುವಷ್ಟೇ ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳಿದಳು.